ಹದ

ಮೊದಲ ಸಲ ಬಂದಾಗ ಇಂಚರಳಿಗೆ ಐದು ವರ್ಷ.
ಪಾಂಡವಪುರದಿಂದ ಬೆಳಗಿನ ರೈಲು,
ಅವ್ವನ ಕೈಚೀಲದಲ್ಲಿ ಡಬ್ಬಿ, ಡಬ್ಬಿಯೊಳಗೆ ಕಫ.
"ಮುತ್ತಿಟ್ರೆ ಉಪ್ಪುಪ್ಪು ಕಣಣ್ಣ ಇವಳ ಹಣೆ,
ಹುಟ್ಟಿದಾಗ್ಲಿಂದ್ಲೂ," ಎಂದಿದ್ದರು ಶಿವಲಿಂಗಮ್ಮ,
ಅದೂ ಚೀಟಿಯಲ್ಲಿ ಬರೆಸಬೇಕಾದ ವಿವರ ಎಂಬಂತೆ.

ಮೈಸೂರಿನ ಹಳೇ ಆಸ್ಪತ್ರೆಯ ಹಿಂಬದಿ,
ಮೂರನೇ ಬಾಗಿಲು, ನನ್ನ ಲ್ಯಾಬು.
ಎರಡನೇ ದಿನ ತಟ್ಟೆಯ ಮುಚ್ಚಳ ತೆರೆದರೆ
ದ್ರಾಕ್ಷಿಯ ವಾಸನೆ. ಹಸಿರು, ಪಾಚಿಯದಲ್ಲ,
ನವಿಲ ಕತ್ತಿನ ಹಸಿರು,
ಅಂಚಿನವರೆಗೂ ಕಾಲುಚಾಚಿ ಹಬ್ಬಿತ್ತು.
ತೂಗುಹನಿಯಲ್ಲಿಟ್ಟು ನೋಡಿದೆ:
ಕಾಣದ ಬಾಲ ಬೀಸಿ ಬೀಸಿ ಓಡುತ್ತಿದ್ದವು,
ನಾಲೆಗೆ ಧುಮುಕಿದ ಹುಡುಗರ ಹಾಗೆ.
ನಾಲೆಯವೇ ಇರಬೇಕು. ಬಚ್ಚಲಿನವೂ ಇರಬಹುದು.
ನೀರಿದ್ದಲ್ಲೆಲ್ಲ ಇರುವ ಜಾತಿ.
ನನ್ನೆದೆಗೂ ದಿನಾ ಹೋಗಿ ಬರುತ್ತದೆ, ನಿಲ್ಲುವುದಿಲ್ಲ.
ಅವಳಲ್ಲಿ ನಿಂತಿತು.

ನಿಂತ ಮೇಲೆ ಕಲಿಯತೊಡಗಿತು.
ಹಾಗನ್ನಬೇಡಿ, ಎಂದು ತಿದ್ದುತ್ತಾರೆ ಡಾಕ್ಟರ್ ಮೇಡಂ:
ನಕಲು ಮಾಡುವಾಗ ಅಕ್ಷರ ತಪ್ಪುತ್ತದೆ,
ತಪ್ಪಿದ ಲಕ್ಷದಲ್ಲಿ ಒಂದು ಉಳಿಯುತ್ತದೆ, ಅಷ್ಟೆ.
ಇರಲಿ.
ಔಷಧದ ಬಿಲ್ಲೆಯ ಸುತ್ತ
ಇಪ್ಪತ್ತನಾಲ್ಕು ಮಿಲಿಮೀಟರಿದ್ದ ಬಯಲು
ಎರಡನೇ ವರ್ಷ ಹದಿನೇಳು,
ಆಮೇಲೊಂದು ದಿನ ಬಿಲ್ಲೆಯ ಬುಡಕ್ಕೇ ಬಂದು ಕೂತವು.
ನಾಲ್ಕನೇ ವರ್ಷ ಬಾಲ ಹೋಯಿತು.
ಓಡುವುದೆಲ್ಲಿಗೆ, ಇಲ್ಲೇ ಮನೆಯಾದ ಮೇಲೆ?
ಹಸಿರು ಹೋಯಿತು. ಯಾರ ಮೇಲೆ ಕಾರಲು ಆ ವಿಷ?
ಒಂದನ್ನೊಂದು ಕೂಗಿ ಕರೆಯುವ ಪದ್ಧತಿಯಿತ್ತಂತೆ ಅವಕ್ಕೆ,
ಅದನ್ನೂ ಬಿಟ್ಟವು, ಕೆಲವು.
ಲೋಳೆ ನೇಯ್ದು ಹೊದ್ದವು.
ಏಳನೇ ವರ್ಷದ ತಟ್ಟೆ ಬೋರಲು ಹಾಕಿದರೆ
ಮುಚ್ಚಳಕ್ಕೆ ತೊಟ್ಟಿಕ್ಕುತ್ತಿತ್ತು.

ಅವಳಪ್ಪ ಸಣ್ಣಬೋರಯ್ಯ, ಆಲೆಮನೆಯಲ್ಲಿ
ಕೊಪ್ಪರಿಗೆ ಮುಂದೆ ನಿಲ್ಲುವವರು.
ಸೌಟೆತ್ತಿ, ಎಳೆ ನೋಡಿ, ಇಳಿಸು ಅನ್ನುವವರು.
ಅವತ್ತು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ
"ಹದ ಮೀರೈತೆ ಸಾರ್" ಅಂದರು.
ನನ್ನ ವರದಿ ಮೂರು ದಿನ ತಡ.

ಹೋದ ವಾರ ಇಂಚರ ಕೇಳಿದಳು,
ಹದಿನಾಲ್ಕರ ಇಂಚರ, ಮಾತನ್ನು ತುಂಡು ಮಾಡಿ:
"ತೋರ್ಸಿ ಅಂಕಲ್.
ನನ್ನೊಳಗಿರೋದನ್ನ.
ಒಂದ್ಸಲ."
ಉಸಿರು ಸಾಲುವಷ್ಟೇ ವಾಕ್ಯ. ಎಂಟು ಮೆಟ್ಟಿಲಿಗೊಂದು ನೆಪ,
ಗೋಡೆಯ ಪಟ ನೋಡುವುದು, ಚಪ್ಪಲಿ ಸರಿಮಾಡುವುದು.
ಅವಳೂ ಕಲಿತಿದ್ದಾಳೆ, ಅಂದುಕೊಂಡೆ.
ತಿದ್ದಲು ಮೇಡಂ ಇರಲಿಲ್ಲ.
ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.
"ಸುಮ್ನೆ ಮಲ್ಗವೆ."
"ಹೂಂ."
"ಸೋಮಾರಿಗಳು." ನಕ್ಕಳು, ನಗು ಕೆಮ್ಮಾಯಿತು,
ಶಿವಲಿಂಗಮ್ಮ ಅಂಗೈಯನ್ನು ಬಟ್ಟಲು ಮಾಡಿ ಬೆನ್ನು ತಟ್ಟಿದರು,
ನನ್ನೊಡನೆ ರೈಲಿನ ಹೊತ್ತು ಮಾತಾಡುತ್ತಲೇ.

ಇದನ್ನೀಗ ನಾಲೆಗೆ ಬಿಟ್ಟರೆ
ಉಳಿಯುವುದು ಅನುಮಾನ. ಈಜು ಮರೆತಿದೆ.
ಅವಳೆದೆ ಬಿಟ್ಟರೆ ಬೇರೆ ಊರಿಲ್ಲ ಇದಕ್ಕೆ.
ಹೇಳಲಿಲ್ಲ. ಯಾರಿಗೆ ಸಮಾಧಾನ ಅದು?

ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ
ವರ್ಷಕ್ಕೊಂದರಂತೆ ಅವಳ ಹೆಸರಿಲ್ಲದ ಸೀಸೆಗಳು, ಬರೀ ನಂಬರು.
ಶನಿವಾರ ಯಾರೂ ಇಲ್ಲದಾಗ
ಮೊದಲನೆಯದನ್ನು ತೆಗೆದು ತಟ್ಟೆಗೆ ಗೀರಿದೆ.
ಯಾಕೆಂದು ಬರೆಯಲು ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.

ಸೋಮವಾರ ಮುಚ್ಚಳ ತೆರೆದರೆ ದ್ರಾಕ್ಷಿ.
ನವಿಲುಹಸಿರು, ಅಂಚಿನವರೆಗೆ.
ಮತ್ತೆ ಕಾರಿಡಾರಿನಲ್ಲಿ ಎರಡು ಜಡೆಯ ಹುಡುಗಿ
ಅವ್ವನ ಕೈ ಕೊಸರಿಕೊಂಡು ಓಡಿದ ಸದ್ದು,
ನಿಲ್ಲದೆ, ಆ ಕೊನೆಯ ನಲ್ಲಿಯವರೆಗೂ.
ಶತ್ರುವಿನ ವಾಸನೆಗೆ ಮೂಗೊಡ್ಡಿ ನಿಂತಿದ್ದೆ,
ಮಾಸ್ಕು ಕೆಳಗಿಳಿಸಿ, ನಿಯಮ ಮೀರಿ.

ಆಮೇಲೆ ಆಟೋಕ್ಲೇವಿಗೆ ಹಾಕಿದೆ. ಕೈ ತೊಳೆದೆ.
ಈ ವಾರದ ತಟ್ಟೆ
ಮೂರನೇ ದಿನಕ್ಕೆ ಆಗಷ್ಟೇ ಕಣ್ಣು ಬಿಡುತ್ತಿತ್ತು.